ನೆಗೆಟಿವ್ ಕೇಳಿದ ಕಾರ್ಯದರ್ಶಿಗಳಿಗೆ

ಹೊಳೆನರಸೀಪುರ
೧೨-೧-೨೦೦೯

ಛಾಯಾಚಿತ್ರ ಸಂಘದ ಕಾರ್ಯದರ್ಶಿಗಳಾದ ಶ್ರೀ ಆತ್ರೇಯ ಅವರಿಗೆ ಸಂಪತ್ಕುಮಾರನ ನಮಸ್ಕಾರಗಳು.

ನಿನ್ನೆ ಹಾಸನದ ಪ್ರದರ್ಶನದಲ್ಲಿ ನನ್ನ ಶಿಷ್ಯೆ ಧನುಶ್ರೀ ತೆಗೆದ ಅವಳಜ್ಜಿಯ ಚಿತ್ರವನ್ನು ನೀವು ಎಲ್ಲರೆದುರು ಗೋಡೆಯಿಂದ ಇಳಿಸಿದಿರಿ. ಅರ್ಜಿಯ ನೆಗೆಟಿವ್ ಕಾಲಂನಲ್ಲಿ ಅವಳು ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದದ್ದೇ ಅಪರಾಧವಾಯಿತು.

“ನೆಗೆಟಿವ್ ಇಲ್ದೆ ಫೋಟೋ ಎಲ್ಲಿಂದ ಬಂತಮ್ಮ? ಸೀರೆಗೆ ಈ ಕೆಂಪನ್ನ ಕಂಪ್ಯೂಟರಲ್ಲಿ ಬಳ್ದಿದ್ದೀಯ” ಎಂದು ನಕ್ಕಿರಿ.

“ನಾನೇನೂ ಬಳ್ದಿಲ್ಲ ಸಾ, ನಮ್ಮಜ್ಜಿ ಸೀರೆ ಇರೋದೇ ಅಂಗೆ” ಎಂದಳು. ನೀವು ಕೇಳಿಸಿಕೊಳ್ಳಲಿಲ್ಲ.

ಫಿಲ್ಮ್ ಕ್ಯಾಮೆರಾ ಬಿಡಿಸಿ, ನೆಗೆಟಿವೇ ಇರದ ಆ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಅವಳ ಕೈಗಿತ್ತವನು ನಾನು. ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ಉಳಿದವುಗಳಂತಲ್ಲ. ಫಿಲ್ಮಿನ ಪದರಗಳ ಹಾಗೆ ನೀಲಿ, ಹಸಿರು, ಕೆಂಪನ್ನು ಒಂದರಡಿ ಒಂದಾಗಿ ಹಿಡಿಯುತ್ತದೆ. ಸೀರೆಯ ಕೆಂಪು ಇದ್ದ ಹಾಗೇ ಬಂದದ್ದು ಅದರಿಂದ. ಅಜ್ಜಿ ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ನಿಂತ ಆ ಚಿತ್ರದ ಬೆಳಕಿಗಾಗಿ ಅವಳು ನಾಲ್ಕು ಭಾನುವಾರ ಕಾದಳು. ಇಂದು ಬೆಳಿಗ್ಗೆ “ನೀವೇ ಮಡೀಕ್ಕಳಿ ಸಾ” ಎಂದು ಕ್ಯಾಮೆರಾವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ನನಗಿಲ್ಲದ ಕಣ್ಣು ಆ ಹುಡುಗಿಗಿದೆ. ಅವಳು ಅದನ್ನು ಮತ್ತೆ ಕೈಗೆತ್ತಿಕೊಳ್ಳಲೇಬೇಕು.

ಆದ್ದರಿಂದ ನನ್ನದೊಂದು ಕೋರಿಕೆ. ೧೯೯೩ರಲ್ಲಿ ನೀವು ಮೊದಲ ಬಹುಮಾನ ಕೊಟ್ಟ, ಇಂದಿಗೂ ಸಂಘದ ಕಚೇರಿಯಲ್ಲಿರುವ ನನ್ನ ಶೆಟ್ಟಿಹಳ್ಳಿ ಚರ್ಚಿನ ಚಿತ್ರವನ್ನು ಇಳಿಸಿ. ಅದರಲ್ಲಿನ ಮೋಡಗಳು ಹಳ್ಳಿಮೈಸೂರಿನಲ್ಲಿ ತೆಗೆದವು. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವಾಗ ನಾನೇ ಸೇರಿಸಿದವು. ಅಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಜಾಗದಲ್ಲಿ ಧನುಶ್ರೀಯ ಚಿತ್ರವನ್ನು ತೂಗುಹಾಕಿ, ಅವಳಿಗೆ ನೀವೇ ಪತ್ರ ಬರೆದು ತಿಳಿಸಿ.

ನೆಗೆಟಿವ್ ಬೇಕೇ ಬೇಕೆಂದರೆ ನನ್ನ ಚಿತ್ರದ್ದನ್ನು ಲಗತ್ತಿಸಿದ್ದೇನೆ. ಒಂದೇ ಚಿತ್ರಕ್ಕೆ ಎರಡಿವೆ: ಚರ್ಚಿನದೊಂದು, ಮೋಡಗಳದೊಂದು.

ನಿಮ್ಮ ಉತ್ತರವನ್ನು ಎದುರುನೋಡುವ,
ಸಂಪತ್ಕುಮಾರ