ನಡುಗದ ದಿನಗಳು

6 ಮಾರ್ಚ್ 2006, ಸಂಜೆ

ಬೆಳಿಗ್ಗೆ ಎಂದಿನಂತೆ ಭೂಕಂಪಮಾಪಕದ ಡ್ರಮ್ಮಿಗೆ ಹೊಸ ಕಾಗದ ಸುತ್ತಿದೆ. ದೀಪದ ಮಸಿ ಹಿಡಿಸಿದ ಕಾಗದ, ಅದರ ಮೇಲೆ ಸೂಜಿ ಗೀಚುವ ಬಿಳಿ ಗೆರೆ. ನಿನ್ನೆಯದರಲ್ಲಿ ಲೋಕಲ್ ಟ್ರೈನುಗಳ ನಡುಕವಷ್ಟೇ. ಷರಾ: ನಿಲ್, ಅಂದರೆ ಭೂಕಂಪವಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೆರಳಿನ ಮಸಿ ಮನೆಯವರೆಗೂ ಬರುತ್ತದೆ, ನಾನು ಓದುವ ಕವನ ಸಂಕಲನಗಳ ಅಂಚಿಗೂ.

ಮಧ್ಯಾಹ್ನ ದಿಲ್ಲಿಯ ಪತ್ರ — ಅನುದಾನ ಮಂಜೂರು! ಅಂಡಮಾನಿನ ಜ್ವಾಲಾಮುಖಿಯ ಬಳಿ ಉಪಕರಣ, ಇಲ್ಲಿಗೆ ಕಂಪ್ಯೂಟರ್‌ಗಳು. ಆಗ ಇಲ್ಲಿ ಮುಖ್ಯಸ್ಥರಾಗಿದ್ದ ಓಂಕಾರಪ್ಪ ಸರ್ 1991ರಿಂದ ಕೇಳುತ್ತಿದ್ದದ್ದು. ಪ್ರತಿ ಸಲ ಒಂದೇ ಉತ್ತರ: 'ಸದ್ಯಕ್ಕೆ ಅಗತ್ಯ ಕಾಣುವುದಿಲ್ಲ.' ಸುನಾಮಿ ಬಂದ ಮೇಲೆ ಅಗತ್ಯ ಕಂಡಿತು. ನಿವೃತ್ತರಾಗಿ ಚಿತ್ರದುರ್ಗಕ್ಕೆ ಹೋದ ಮೇಲೂ ಕಾರ್ಡು ಬರೆಯುತ್ತಿದ್ದರು, 'ದುಡ್ಡು ಬಂತಾ?' ತೀರಿಕೊಂಡು ಮೂರು ವರ್ಷ. ಕಾರ್ಡು ಯಾರಿಗೆ ಬರೆಯಲಿ...

9 ಮಾರ್ಚ್

ಕಂಪ್ಯೂಟರ್‌ಗಳಿಗೆ ಕೋಣೆ ಬೇಕು. ಇರುವುದು ಡ್ರಮ್ಮಿನಿಂದ ಬಿಚ್ಚಿಟ್ಟ ಹಳೆಯ ಕಾಗದದ ಸುರುಳಿಗಳ ಕೋಣೆ ಒಂದೇ. ಭೂಕಂಪ ದಾಖಲಾದ ದಿನದ ಸುರುಳಿ ಉಳಿಯುತ್ತದೆ. 'ನಿಲ್' ದಿನದವು ಕಾಗದದ ಕಾರ್ಖಾನೆಗೆ. ಪಟ್ಟಿಗೆ ಸಹಿ ನನ್ನದು.

"ಏನೂ ಆಗದ ದಿನವನ್ನ ಸರ್ಕಾರ ಎಷ್ಟು ಅಂತ ಇಟ್ಕೊಳ್ಳುತ್ತೆ, ಸುಗಂಧಿ ದೀದಿ?" ಎಂದರು ಈಗಿನ ಮುಖ್ಯಸ್ಥ ಲಾಹಿರಿ ಸಾಹೇಬರು. ಏನೂ ಆಗದ ದಿನ!

15 ಮಾರ್ಚ್

ಹುಡುಕುತ್ತಿದ್ದ ಸುರುಳಿ ಸಿಕ್ಕಿತು. 31 ಜುಲೈ 1996. ಸರ್ ನಿವೃತ್ತರಾದ ದಿನ. ಹೊರಗೆ ಎಲ್ಲರೂ ಮಿಷ್ಟಿ, ಇಲ್ಲಿಯ ಸಿಹಿ, ತಿನ್ನುತ್ತಿದ್ದಾಗ ಒಳಗೆ ಬಂದು, ಯಂತ್ರ ಕೂತ ಕಲ್ಲುಪೀಠವನ್ನು ಬೆರಳಗಂಟಿನಿಂದ ಮೂರು ಸಲ ತಟ್ಟಿದ್ದರು. "ನನ್ ಸಹಿ ಕಣಮ್ಮ. ನಾನಿಲ್ದಿದ್ರೂ ಇದು ಇರ್ತೈತೆ."

ಇದೆ. ಸಂಜೆ 4.12. ಗೆರೆಯಲ್ಲಿ ಮೂರು ಪುಟ್ಟ ಮುಳ್ಳು. ಸುರುಳಿಗೆ ಅಂಟಿಸಿದ ಷರಾದ ಚೀಟಿಯಲ್ಲಿ ಅವರದೇ ಅಕ್ಷರ — ನಿಲ್.

17 ಮಾರ್ಚ್

ಸರ್ ತಟ್ಟಿದ ಸುರುಳಿಯೂ ಕಾರ್ಖಾನೆಯ ಪಟ್ಟಿಯಲ್ಲಿದೆ ಎಂದು ಊಟಕ್ಕೆ ಕೂತಾಗ ಇವರಿಗೆ ಹೇಳಿದೆ.

"ಎಂತ ಮಾರಾಯ್ತಿ, ಒಂದು ಸುರುಳಿ ಅಲ್ವಾ? ಚೀಲಕ್ಕೆ ಹಾಕ್ಕೊಂಡು ಬಾ."

"ಎಲ್ಲದಕ್ಕೂ ನಂಬರ್ ಉಂಟು. ಒಂದು ಕಮ್ಮಿಯಾದ್ರೆ ಸ್ಟೋರ್‌ನವರ ತಲೆಗೆ ಬರ್ತದೆ."

ಮಗಳು ಕ್ಷಮಾ ಸೆಕ್ಟರ್ ಫೈವ್‌ನ ಕಂಪನಿಯಿಂದ ಆಗಷ್ಟೇ ಬಂದಿದ್ದಳು. "ಅಮ್ಮಾ, ಆ ದಿನ ಒಂದು ಭೂಕಂಪ ಬರೆದುಬಿಡು ನಾ. ಛೋಟಾ ಸಾ. ಹೂ ವಿಲ್ ಚೆಕ್?"

ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ. ಅದನ್ನೇ ಯೋಚಿಸಿದ್ದೆ.

20 ಮಾರ್ಚ್

'ನಿಲ್' ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದೆ. 'ಕ್ಷೀಣ ಕಂಪನ, 4.12.' ಸುರುಳಿ ಉಳಿಯುವವುಗಳ ಕಪಾಟಿಗೆ ಹೋಯಿತು.

27 ಮಾರ್ಚ್

ಒಂದು ವಾರ ಈ ಡೈರಿಯನ್ನು ತೆರೆಯಲಾಗಲಿಲ್ಲ.

ನೆನಪಾಗುತ್ತಿದ್ದದ್ದು ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಖಿದಿರ್‌ಪುರದ ಬಂದರಿನ ಕಡೆ ಹೋಗುವ ಭಾರದ ಲಾರಿಗೆ ಸೂಜಿ ಹಾರಿತ್ತು. ಹುಮ್ಮಸ್ಸಿನಲ್ಲಿ ಭೂಕಂಪ ಎಂದು ಬರೆದಿದ್ದೆ. ಸರ್ ಬೈಯಲಿಲ್ಲ. ಕೈಗೆ ರಬ್ಬರ್ ಕೊಟ್ಟರು. "ಭೂಮಿ ನಡುಗಿದ್ದು ಬರಿಯಮ್ಮ, ನಿನ್ ಎದೆ ನಡುಗಿದ್ದಲ್ಲ. ಒಂದ್ ಸುಳ್ಳು ಬರದ್ರೆ, ನಾಳೆ ನಿಜ ಹೇಳಿದ್ರೂ ಯಾರ್ ನಂಬ್ತಾರೆ?" ನಂಬದವರನ್ನೇ ಅಷ್ಟು ವರ್ಷ ಅನುದಾನ ಕೇಳಿದರು. ಒಂದು ಅಂಕಿಯನ್ನೂ ಹಿಗ್ಗಿಸದೆ.

ಇವತ್ತು ನನ್ನ ಪೆನ್ಸಿಲ್ ಬರಹ ಅಳಿಸಿದೆ. ಉಜ್ಜಿದ ಜಾಗ ಸ್ವಲ್ಪ ಹೊಳೆಯುತ್ತದೆ. ಸುರುಳಿಯನ್ನು ಕಾರ್ಖಾನೆಯ ರಾಶಿಗೆ ಸೇರಿಸಿ ಪಟ್ಟಿಗೆ ಸಹಿ ಹಾಕಿದೆ.

31 ಮಾರ್ಚ್, ಸಂಜೆ 4.05

ಬೆಳಿಗ್ಗೆ ಕಾರ್ಖಾನೆಯ ವ್ಯಾನ್ ಬಂದು ಸುರುಳಿಗಳನ್ನು ಒಯ್ಯಿತು. ಖಾಲಿ ಕೋಣೆಯಲ್ಲಿ, ಮಸಿ ಅಳಿಯದಿರಲೆಂದು ಅವಕ್ಕೆ ಬಳಿದಿದ್ದ ವಾರ್ನಿಷ್ ವಾಸನೆ ಮಾತ್ರ.

ಐದಕ್ಕೆ ಡ್ರಮ್ ಕಾಯಂ ಆಗಿ ನಿಲ್ಲಿಸಬೇಕು. ಕೊನೆಯ ಸುರುಳಿಯನ್ನು ಮುಂಬಾಗಿಲಿನ ಷೋಕೇಸಿನಲ್ಲಿ ಇಡುತ್ತಾರಂತೆ. ಲಾಹಿರಿ ಸಾಹೇಬರೇ ಹೇಳಿದರು. ಹೊರಗೆ ಮಿಷ್ಟಿ ಹಂಚುತ್ತಿದ್ದಾರೆ. ಒಳಗೆ ನಾನೊಬ್ಬಳೇ. ಚೀಟಿ ಇನ್ನೂ ಖಾಲಿ. ಏನು ಬರೆಯಬೇಕೆಂದು ಗೊತ್ತು — ನಿಜವನ್ನೇ.

ಡೈರಿ ಮಂಡಿಯ ಮೇಲಿದೆ. ಎಡಗೈಯ ಬೆರಳಗಂಟು ಕಲ್ಲುಪೀಠದ ಮೇಲೆ. ಕಲ್ಲು ತಣ್ಣಗಿದೆ, ಸರ್.

4.12. ಒಂದು —