ಹಿಂದಿನ ಸೀಟಿನ ಬ್ರೇಕು

ಮಾತು ಮುಗಿಯುವ ಮೊದಲೇ ಫೋನ್ ಇಡುವ ಅಕ್ಕನಿಗೆ, ನಿನ್ನ ಎಡವಟ್ಟು ತಂಗಿಯ ನಮಸ್ಕಾರ.

ಇದನ್ನು ಭಾವ ಓದಿ ಹೇಳುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಭಾವ, ದಯವಿಟ್ಟು ಬರೆದದ್ದನ್ನು ಬರೆದ ಹಾಗೇ ಓದಿ. ಪೇಪರ್ ಓದಿ ಹೇಳುವಾಗ ಮಾಡುವಂತೆ ಕೆಟ್ಟ ಸುದ್ದಿ ಹಾರಿಸಿ ಒಳ್ಳೆಯ ಸುದ್ದಿಗೆ ಒಗ್ಗರಣೆ ಹಾಕಬೇಡಿ. ಅಕ್ಕ, ಇವರು ಎಲ್ಲಾದರೂ ತಡವರಿಸಿದರೆ ಅಲ್ಲಿ ಏನೋ ನುಂಗುತ್ತಿದ್ದಾರೆ ಎಂದೇ ತಿಳಿದುಕೋ. ಇನ್ನೊಂದು ಸಲ ಓದಿಸು.

ಫೋನಿನಲ್ಲಿ ಹೇಳೋಣವೆಂದರೆ ನಾನು ‘ಸೈಕಲ್’ ಎನ್ನುವಷ್ಟರಲ್ಲಿ ‘ಕುಕ್ಕರ್ ಕೂಗ್ತಿದೆ, ಇಡ್ತೀನಿ’ ಎನ್ನುತ್ತೀಯ. ನಿಮ್ಮ ಮನೆಯ ಕುಕ್ಕರ್ ನಿಜಕ್ಕೂ ಅಷ್ಟು ಸಲ ಕೂಗಿದ್ದರೆ ಅದರ ಗಂಟಲು ಯಾವತ್ತೋ ಕಟ್ಟಿಹೋಗಬೇಕಿತ್ತು. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ, ಭಾವ ಓದುತ್ತಲೇ ಇರುತ್ತಾರೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಜೋಡಿ ಸೈಕಲ್ ತಯಾರಾಗಿದೆ. ಒಂದೇ ಗಾಡಿಗೆ ಎರಡು ಸೀಟು, ಎರಡು ಹ್ಯಾಂಡಲು, ಎರಡು ಜೊತೆ ಪೆಡಲು. ಮುಂದೆ ನಾನು, ಹಿಂದೆ ನೀನು. ಬರುವ ಭಾನುವಾರ ಬೆಳಿಗ್ಗೆ ನಿನ್ನ ಮನೆ ಬಾಗಿಲಿಗೆ ತರುತ್ತೇನೆ. ಮೊದಲ ಸಲ ಇದನ್ನು ಹೇಳಿದಾಗ ನೀನು ಬೇಡ ಎಂದದ್ದು ಮರೆತಿಲ್ಲ. ‘ಹಿಂದೆ ಕಟ್ಟಿಸ್ಕೊಂಡು ಹೋಗೋಕೆ ನಾನೇನು ಗ್ಯಾಸ್ ಸಿಲಿಂಡರಾ?’ ಎಂದೆಯಲ್ಲ, ಆ ಮಾತಿಗೆ ಆವತ್ತು ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ. ಅದು ಸಿಕ್ಕ ಮೇಲೇ ಪೆನ್ನು ಹಿಡಿದದ್ದು.

ಅಂಗಡಿಯ ಸುದ್ದಿ ಕೇಳುವುದನ್ನೇ ನೀನು ಬಿಟ್ಟಿದ್ದೀಯ. ಆದರೂ ಕೇಳು. ನಾನು ಶಟರ್ ಎತ್ತುವಾಗಲೇ ಯಾರಾದರೊಬ್ಬರು ಪಂಚರಾದ ಗಾಡಿ ತಳ್ಳಿಕೊಂಡು ಬಂದು ನಿಂತಿರುತ್ತಾರೆ. ನನ್ನ ಕೈಯಲ್ಲಿ ಪಾನಾ ಇದ್ದರೂ, ಮೊಣಕೈವರೆಗೆ ಗ್ರೀಸ್ ಹತ್ತಿದ್ದರೂ, ‘ಮೆಕ್ಯಾನಿಕ್ ಇಲ್ವಾಮ್ಮ?’ ಎನ್ನುತ್ತಾರೆ. ‘ಕೈ ತೊಳ್ಕೊಂಡ್ ಬರ್ತಾರೆ, ಕೂತ್ಕೊಳ್ಳಿ’ ಎಂದು ಒಳಗೆ ಹೋಗಿ ಕೈ ತೊಳೆದುಕೊಂಡು ನಾನೇ ಬರುತ್ತೇನೆ. ಗಾಡಿಗೆ ಏನಾಗಿದೆ ಎಂದು ಹೇಳಲು ಯಾರಿಗೂ ಬರುವುದಿಲ್ಲ, ಎಲ್ಲರೂ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾರೆ. ಒಬ್ಬರದು ಕಟಕಟ, ಒಬ್ಬರದು ಕಿರ್ರೋ ಮರ್ರೋ. ನಿನ್ನೆ ಬ್ಯಾಂಕಿನ ದೊಡ್ಡ ಮನುಷ್ಯರೊಬ್ಬರು ಬೆರಳಲ್ಲಿ ಎತ್ತಬಹುದಾದ ಸೈಕಲ್ ತಂದು ಇನ್ನೂ ಹಗುರ ಮಾಡಿಕೊಡಿ ಎಂದರು. ಇಳಿಸಬೇಕಾದ ತೂಕ ಸೀಟಿನ ಮೇಲಿತ್ತು. ನಾನು ಬೆಲ್ ಬಿಚ್ಚಿ ಕೊಟ್ಟೆ. ಸಂತೋಷಪಟ್ಟು ಹೋದರು.

ನನಗೆ ಈ ಹುಚ್ಚು ಹಿಡಿಸಿದವಳೇ ನೀನು. ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ ಆಗ ನಿನ್ನದು. ಇಡೀ ಊರನ್ನು ಆ ಹಸಿರು ಸೈಕಲ್ಲಿನ ಮೇಲೆ ಸುತ್ತುತ್ತಿದ್ದೆ. ಸಂಜೆ ಬಂದವಳು ಗಾಡಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿ ನನಗೆ ಒಂದೊಂದೇ ಬಿಚ್ಚಿ ತೋರಿಸುತ್ತಿದ್ದೆ. ‘ನೋಡೇ, ಬಲಗಡೆ ಪೆಡಲ್ ಲೋಕದ ಹಾಗೆ. ಎಡಗಡೆದು ಎಡವಟ್ಟು. ಉಲ್ಟಾ ತಿರುಗಿಸಿದ್ರೇನೇ ಬಿಗಿಯಾಗೋದು. ಸರಿಯಾಗೇ ತಿರುಗಿಸ್ತೀನಿ ಅಂತ ಹೋದ್ರೆ ಕೈಗೇ ಬರತ್ತೆ.’ ಇದು ನಾನು ಸೈಕಲ್ಲಿನ ಬಗ್ಗೆ ಕಲಿತ ಮೊದಲ ಪಾಠ. ಆಮೇಲೆ ನನಗೂ ಅದೇ ಹೆಸರಿಟ್ಟೆ.

ಮೀಟರಿನ ಎಂಟನ್ನು ಮೂರು ಎಂದು ನೀನು ಓದತೊಡಗಿದಾಗ ನಾವೆಲ್ಲ ನಕ್ಕೆವು. ಪಕ್ಕದಿಂದ ಬಂದ ತಳ್ಳುಗಾಡಿ ಕಾಣದೆ ನೀನು ಬಿದ್ದ ಮೇಲೆ ಯಾರೂ ನಗಲಿಲ್ಲ. ನೋಟದ ಅಂಚುಗಳು ಸುತ್ತಲಿಂದ ಮುಚ್ಚುತ್ತ ಬರುತ್ತಿವೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆವತ್ತು ನೀನು ಅಳಲಿಲ್ಲ. ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದು, ‘ಬಿಚ್ಚಿ ಹಾಕು, ಯಾರಿಗಾದ್ರೂ ಆಗತ್ತೆ’ ಎಂದು ಹೇಳಿ ಭಾವನ ತೋಳು ಹಿಡಿದು ಹೊರಟುಹೋದೆ. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ನಿನ್ನದಾಯಿತು. ನಾನು ಬಂದಾಗಲೆಲ್ಲ ಅಲ್ಲೇ ಕೂತಿರುತ್ತೀಯ. ನೋಡಿದರೆ ಸಿಟ್ಟು ಬರುತ್ತದೆ ಅಕ್ಕ. ನಿನ್ನ ಕಣ್ಣಿನ ಮೇಲಲ್ಲ, ಆ ಕುರ್ಚಿಯ ಮೇಲೆ.

ನೀನು ಹೇಳಿದಂತೆ ನಾನು ಬಿಚ್ಚಿ ಹಾಕಲಿಲ್ಲ. ಅಂಗಡಿಯ ಮಾಡಿಗೆ ಕೊಕ್ಕೆ ಹೊಡೆದು ನೇತುಹಾಕಿದೆ. ಈಗ ಈ ಜೋಡಿ ಸೈಕಲ್ಲಿನ ಹಿಂದಿನ ಅರ್ಧ ಅದೇ. ಸೀಟು ನಿನ್ನದೇ, ಹ್ಯಾಂಡಲು ನಿನ್ನದೇ. ಮುಂದಿನ ಅರ್ಧ ಇನ್ನೊಂದು ಹಳೆಯ ಗಾಡಿಯದು. ವೆಲ್ಡಿಂಗಿನವರು ಎರಡನ್ನೂ ಬೆಸೆದು ಕೊಟ್ಟರು. ‘ಮದುವೆ ಮಾಡಿಸಿದೀನಿ, ಸಂಸಾರ ಹೇಗೋ ಗೊತ್ತಿಲ್ಲ’ ಎಂದು ಕೈ ತೊಳೆದುಕೊಂಡರು.

ಸಂಸಾರ ಮೊದಲ ದಿನವೇ ಕೆಟ್ಟಿತು. ಅದನ್ನು ನಿನಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಜೋಡಿ ಸೈಕಲ್ಲಿನಲ್ಲಿ ಮುಂದಿನವರ ಪೆಡಲನ್ನೂ ಹಿಂದಿನವರ ಪೆಡಲನ್ನೂ ಸೇರಿಸಲು ಎಡಗಡೆ ಇನ್ನೊಂದು ಚೈನು ಬೇಕು. ಎಡಕ್ಕೆ ಹಾಕುವ ಹಲ್ಲುಚಕ್ರ ನಮ್ಮಲ್ಲಿರಲಿಲ್ಲ. ಬಲಗಡೆಯದನ್ನೇ, ಪೆಡಲು ಕೂರುವ ಅದರ ಕ್ರ್ಯಾಂಕ್ ಸಮೇತ, ತಿರುಗಿಸಿ ಎಡಕ್ಕೆ ಹಾಕಿದೆ. ಎಡಪೆಡಲು ಅದಕ್ಕೆ ಕೂರಲಿಲ್ಲ. ಅಷ್ಟಾದರೂ ಬುದ್ಧಿ ಬರಬೇಕಿತ್ತಲ್ಲ? ಬಲಪೆಡಲನ್ನೇ ತಂದು, ಹಲ್ಲು ಕಚ್ಚಿ, ಬಿಗಿ ಮಾಡಿದೆ. ನಮ್ಮ ಅಂಗಡಿಯ ಯಜಮಾನರನ್ನು ಹಿಂದೆ ಕೂರಿಸಿಕೊಂಡು ನೀರಿನ ಟ್ಯಾಂಕಿನ ಏರು ಹತ್ತಿದೆ. ಅವರ ಗಾತ್ರ ನಿನಗೆ ಗೊತ್ತು, ಅವರ ಏದುಸಿರಿಗೆ ಊರೆಲ್ಲ ‘ಪಂಪು’ ಎಂದು ಕರೆಯುವುದೂ ಗೊತ್ತು. ಅರ್ಧ ಏರಿನಲ್ಲಿ ಹಿಂದಿನಿಂದ, ‘ನನ್ನ ಎಡಗಾಲು ಎಲ್ಲಿಗೋ ಹೋಗ್ತಿದೆ ನೋಡಮ್ಮ’ ಎಂದರು. ತಿರುಗಿ ನೋಡಿದರೆ ಪೆಡಲು ಅವರ ಬೂಟಿಗೆ ಅಂಟಿಕೊಂಡು ಗಾಡಿಯಿಂದ ಈಚೆ ಬಂದಿದೆ. ಅವರು ಗಾಳಿಯನ್ನು ತುಳಿಯುತ್ತಿದ್ದಾರೆ.

ಎಡಕ್ಕೆ ಬಲದ ತಿರುಪು ಹಾಕಿದರೆ ತುಳಿದಷ್ಟೂ ಅದು ಬಿಚ್ಚಿಕೊಳ್ಳುತ್ತದೆ. ನಾನು ಕಲಿತ ಮೊದಲ ಪಾಠದಲ್ಲೇ ಫೇಲು. ಬೀದಿಯಲ್ಲಿ ಕೂತು ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ನಿನ್ನ ನೆನಪಾಯಿತು. ನಾವೆಲ್ಲ ನಿನ್ನನ್ನು ಬಿಗಿ ಮಾಡುತ್ತೇವೆ ಎಂದು ಲೋಕದ ಹಾಗೆ ತಿರುಗಿಸುತ್ತಲೇ ಬಂದಿದ್ದೇವೆ. ಪಾಪ ಎನ್ನುವುದು, ಲೋಟ ಕೈಗೇ ತಂದುಕೊಡುವುದು, ‘ನೀನು ಕೂತಿರು, ನಾವು ನೋಡ್ಕೋತೀವಿ’ ಎನ್ನುವುದು. ನಾನೂ ಅದನ್ನೇ ಮಾಡುತ್ತಿದ್ದೆ. ನೀನು ಎಡಪೆಡಲು ಅಕ್ಕ. ನಾವು ತಿರುಗಿಸಿದಷ್ಟೂ ನೀನು ಸಡಿಲವಾಗುತ್ತ ಹೋದೆ. ಆವತ್ತೇ ತೀರ್ಮಾನ ಮಾಡಿದೆ, ಇನ್ನು ನಿನಗೆ ಸಮಾಧಾನ ಹೇಳುವವಳಲ್ಲ ನಾನು. ಜಗಳವಾಡುವವಳು.

ಲೇತಿನವರ ಹತ್ತಿರ ಕ್ರ್ಯಾಂಕಿನ ತೂತು ದೊಡ್ಡದು ಮಾಡಿಸಿ, ಉಲ್ಟಾ ತಿರುಪು ಕೂರಿಸಿ, ಎಡಪೆಡಲನ್ನೇ ಹಾಕಿದೆ. ಈಗ ಆನೆ ತುಳಿದರೂ ಬಿಚ್ಚುವುದಿಲ್ಲ. ಪಂಪು ತುಳಿದು ನೋಡಿ ಆಗಿದೆ.

ಆದರೆ ಸಿಲಿಂಡರಿನ ಮಾತು ಹಾಗೇ ಉಳಿದಿತ್ತು. ಗೆಳೆಯರು ಎಂದಿನಂತೆ ಭಾನುವಾರ ಸೈಕಲ್ಲಿನಲ್ಲಿ ಗುಡ್ಡ ಹತ್ತಲು ಕರೆದರು, ನಾನು ಹೋಗಲಿಲ್ಲ. ಆ ಗುಡ್ಡ ಬಿಟ್ಟರೆ ನನಗೆ ವಾರವೇ ಮುಗಿದಂತಾಗುವುದಿಲ್ಲ, ನಿನಗೆ ಗೊತ್ತು. ಯಜಮಾನರನ್ನು ಮುಂದೆ ಕೂರಿಸಿ, ಅಂಗಡಿಯ ಟವಲನ್ನು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ಹಿಂದೆ ಹತ್ತಿದೆ. ಅವರು ಮಾತಿನ ಮನುಷ್ಯರಲ್ಲ. ತಿರುಗುವಾಗ ಹೇಳಲಿಲ್ಲ. ಹಳ್ಳ ಬಂದಾಗ ಹೇಳಲಿಲ್ಲ. ಅವರು ಪೆಡಲು ನಿಲ್ಲಿಸಿದಾಗ ನನ್ನ ಕಾಲೂ ತಾನಾಗಿ ನಿಂತಿತು. ಯಾಕೆ ನಿಂತೆವು, ಎದುರಿಗೆ ಏನಿದೆ, ಒಂದೂ ತಿಳಿಯಲಿಲ್ಲ. ಇಳಿದವಳೇ ಆ ಒಳ್ಳೆಯ ಮನುಷ್ಯರ ಮೇಲೆ ಕಿರುಚಿಬಿಟ್ಟೆ. ಬೀಳುವ ಹೆದರಿಕೆಯಲ್ಲ ಅದು. ನನ್ನ ಮೈಯನ್ನು ಇನ್ಯಾರೋ ಒಯ್ಯುತ್ತಿದ್ದಾರೆ, ನನ್ನ ಮಾತು ಅಲ್ಲಿ ನಡೆಯುವುದಿಲ್ಲ ಎನ್ನುವುದು. ನಿನ್ನ ಸಿಲಿಂಡರ್ ಏನೆಂದು ಆಗ ಅರ್ಥವಾಯಿತು. ನಾನು ಅದನ್ನು ಜಂಬ ಎಂದುಕೊಂಡಿದ್ದೆ.

ಮಾರನೆಯ ದಿನ ಹಿಂಚಕ್ರದ ಬ್ರೇಕಿನ ತಂತಿಯನ್ನು ಮುಂದಿನ ಹ್ಯಾಂಡಲಿನಿಂದ ಬಿಚ್ಚಿ ಹಿಂದಿನ ಹ್ಯಾಂಡಲಿಗೆ ತಂದೆ. ಯಜಮಾನರು ಒಪ್ಪಲಿಲ್ಲ. ‘ನಡೆಸೋರ ಕೈಲಿ ಬ್ರೇಕ್ ಇರ್ಬೇಕು ಕಣಮ್ಮ’ ಎಂದರು. ‘ಮುಂದಿಂದು ಮುಂದೆ ಇರತ್ತೆ. ಹಿಂದಿಂದು ಹಿಂದಿನೋರ್ದು’ ಎಂದೆ. ಮತ್ತೆ ಟವಲು ಕಟ್ಟಿಕೊಂಡು ಹತ್ತಿದೆ. ಈ ಸಲ ಅವರನ್ನು ಸುಮ್ಮನಿರಲು ಬಿಡಲಿಲ್ಲ. ‘ಎಡಕ್ಕೆ’, ‘ಹಳ್ಳ’, ‘ನಿಲ್ಸು’ ಎಂದು ಹೇಳಿಸಿದೆ. ನೇರ ದಾರಿಯಲ್ಲಿ, ಏನೂ ಕಾರಣವಿಲ್ಲದೆ, ಒಂದು ಸಲ ಬ್ರೇಕು ಅಮುಕಿದೆ. ಗಾಡಿ ನಿಂತಿತು. ‘ಯಾಕಮ್ಮ, ಏನಾಯ್ತು?’ ಎಂದರು. ‘ಸುಮ್ನೆ’ ಎಂದೆ. ಆ ‘ಸುಮ್ನೆ’ ಅನ್ನುವಾಗ ಎಷ್ಟು ಹಿತವಾಯಿತು ಗೊತ್ತಾ? ಆಮೇಲೆ ಕಣ್ಣು ಕಟ್ಟಿಕೊಂಡೇ ನದಿ ದಂಡೆಯ ದಾರಿಯನ್ನು ಪೂರ್ತಿ ಮುಗಿಸಿದೆ. ಇಳಿಜಾರಿನಲ್ಲಿ ಮುಖಕ್ಕೆ ಗಾಳಿ ಬಡಿಯಿತು. ಗಾಳಿಗೆ ಕಣ್ಣು ಬೇಡ ಅಕ್ಕ.

ಭಾನುವಾರ ನಾನು ಬರುತ್ತೇನೆ. ಒಳಗೆ ಬಂದು ಪುಸಲಾಯಿಸುವುದಿಲ್ಲ, ಕೈ ಹಿಡಿದು ಎಬ್ಬಿಸುವುದಿಲ್ಲ. ಬೀದಿಯಲ್ಲಿ ನಿಂತು ಬೆಲ್ ಬಾರಿಸುತ್ತೇನೆ. ಅಕ್ಕಪಕ್ಕದವರು ಬೈದರೆ ನಿನ್ನ ಹೆಸರು ಹೇಳುತ್ತೇನೆ. ನೀನು ಬರದಿದ್ದರೆ ಅದರ ಮುಂದಿನ ಭಾನುವಾರವೂ ಬರುತ್ತೇನೆ, ಅದರ ಮುಂದಿನದೂ. ನನ್ನ ಹಟ ಯಾರಿಂದ ಬಂದದ್ದು ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ಭಾವ, ನೀವು ಬಾಗಿಲು ತೆರೆದಿಟ್ಟು ಆಚೆ ಸರಿದರೆ ಸಾಕು.

ಹತ್ತಿದ ಮೇಲೆ ಹೆದರಿಕೆಯಾದರೆ, ಬೇಸರವಾದರೆ, ನನ್ನ ಮಾತು ಕೇಳಿ ಕೇಳಿ ತಲೆ ಕೆಟ್ಟರೆ, ಬ್ರೇಕು ಅಮುಕು. ಅದು ನಿನ್ನ ಕೈಯಲ್ಲೇ ಇದೆ, ಯಾಕೆ ಎಂದು ನಾನು ಕೇಳುವುದಿಲ್ಲ. ನೀನು ನಿಲ್ಲಿಸಿದಲ್ಲಿ ಗಾಡಿ ನಿಲ್ಲುತ್ತದೆ. ಆದರೆ ಒಂದು ಮಾತು ತಿಳಿದುಕೋ. ನಿಲ್ಲಿಸುವುದಕ್ಕಾದರೂ ನೀನು ಹತ್ತಿ ಕೂರಲೇಬೇಕು.

ನಿನ್ನ ಕಾಲಿಗೆ ಹಳೆಯ ಬಲ ಬರಲಿ, ನಾಲಿಗೆ ಮಾತ್ರ ಈಗಿರುವಷ್ಟೇ ಚೂಪಾಗಿರಲಿ ಎಂದು ಹಾರೈಸುತ್ತ,

ಮುಂದಿನ ಸೀಟಿನಿಂದ,
ನಿನ್ನ ಎಡವಟ್ಟು