ಅಡವಿಯ ಬುತ್ತಿ

ಭಾನುವಾರ, ೧೪ ಡಿಸೆಂಬರ್ ೨೦೨೫

ಇವರು ಕಾರು ತಿರುಗಿಸುವಾಗ ನಾನೇಕೆ ಸುಮ್ಮನೆ ಕುಳಿತೆ? ಬೆಳಗಿನಿಂದ ಅದೇ ಕೊರೆಯುತ್ತಿದೆ.

ಚಿಂಚೋಳಿಯ ಅಡವಿಗೆ ಹೊರಟಿದ್ದೆವು. ದಾರಿಯಲ್ಲಿ ಕಮಲಾಪುರದಲ್ಲಿ ಇವರು ಕೆಂಪು ಬಾಳೆಹಣ್ಣು ಕೊಂಡು ಮಕ್ಕಳ ಕೈಗೆ ಕೊಟ್ಟರು. "ಒಂದೊಂದು ಸಾಕ್ರೀ," ಅಂದೆ. ಐದು ವರ್ಷದ ಮಾಯಾ ಮೂರು ತಿಂದಳು. ಅಕ್ಕನನ್ನು ನೋಡಿ ಪುಟ್ಟ ಗೌತಮನೂ ಮೂರು. ಊರು ದಾಟುವಷ್ಟರಲ್ಲಿ ಇಬ್ಬರೂ ಸೀಟಿನ ತುಂಬ ವಾಂತಿ ಮಾಡಿಕೊಂಡರು. "ಸಾಕು, ಅಡವೀನೂ ಬ್ಯಾಡ, ಏನೂ ಬ್ಯಾಡ," ಎಂದು ಇವರು ಕಲಬುರಗಿಯ ಕಡೆ ತಿರುಗಿಸಿಯೇ ಬಿಟ್ಟರು. ಸೀಟು ಒರೆಸಿದ್ದು ನಾನು, ಮಕ್ಕಳ ಬಾಯಿ ತೊಳೆಸಿದ್ದು ನಾನು, ಬೇಸತ್ತವರು ಮಾತ್ರ ಇವರು!

"ಅವ್ವಾ, ಚಿಂಚೋಳಿ ಅಡವ್ಯಾಗ ನವಿಲು ನಮ್ಮ ಹಾದಿ ನೋಡಾಕತ್ತಿರ್ತಾವಲ್ಲ?" ಸೇಡಂ ರಸ್ತೆಯ ಮನೆ ಬರುವ ತನಕ ಮಾಯಾಳದು ಅದೇ ಮಾತು.

ರಾತ್ರಿ ಊಟಕ್ಕೆ ಇವರು ಬುತ್ತಿಯ ಗಂಟಿಗೆ ಕೈ ಹಾಕಿದರು. ಎರಡು ದಿನ ಕುಳಿತು ಬಡಿದ ಖಡಕ್ ರೊಟ್ಟಿ, ಜೊತೆಗೆ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ.

"ಮುಟ್ಟಬ್ಯಾಡ್ರೀ. ಅದು ಅಡವ್ಯಾಗ ಬಿಚ್ಚೋ ಬುತ್ತಿ."

"ಇನ್ನೆಲ್ಲಿ ಅಡವಿ?"

"ಬರೋ ಐತವಾರ ಹೋಗೋದೇ. ಖಡಕ್ ರೊಟ್ಟಿ ಅಲ್ಲೀತನಕ ಕೆಡಂಗಿಲ್ಲ. ನಿಮಗ ಬ್ಯಾಸರಾದ್ರ ಹಿಂದ ಕುಂದರ್ರಿ, ಗಾಡಿ ನಾ ಹೊಡೀತೀನಿ."

ಇವರು ನಕ್ಕರು. ನಾನು ನಗಲಿಲ್ಲ, ಅನ್ನ ಬಡಿಸಿದೆ.

ಲೈಸೆನ್ಸ್ ಬಂದು ಎರಡು ವರ್ಷವಾಯಿತು, ಊರಂಚಿನ ಶರಣಸಿರಸಗಿಯ ಆಚೆ ಕಾರು ಓಡಿಸಿದವಳಲ್ಲ. ನಾಳೆಯಿಂದ ದಿನವೂ ಬೆಳಿಗ್ಗೆ ತೆಗೆಯುತ್ತೇನೆ.

ಎಲ್ಲರೂ ಮಲಗಿದ ಮೇಲೆ ಗಂಟನ್ನು ಮತ್ತೆ ಡಿಕ್ಕಿಯಲ್ಲಿಟ್ಟು ಬಂದೆ. ಕಾರಿನ ಕೀಲಿ ನನ್ನ ದಿಂಬಿನ ಕೆಳಗಿದೆ.